ಎರಡನೇ ಬ್ರೇಕಿನ ಕೆಳಗೆ

ಅವಳು ಕೈ ಚಾಚಿ ನಿಂತಿದ್ದಳು. ಕೀ ನನ್ನ ಮುಷ್ಟಿಯಲ್ಲಿತ್ತು.

"ಕೀ ಕೊಡಿ" ಅಂದಳು.

"ಕೊಡಲ್ಲ" ಅಂದೆ.

ಅವಳ ಹಳೇ ಕಾರು ರಿಪೇರಿಗೆ ಬರುತ್ತಿದ್ದದ್ದು ಗುರುವಾರ. ಆ ಕೈಗೆ ಆ ಕೀ ಕೊಡುವುದಕ್ಕೆಂದೇ ಮೂರು ವರ್ಷದಿಂದ ನಾನು ಗುರುವಾರಗಳನ್ನು ಕಾಯುತ್ತಿದ್ದೆ. ಕೊಡುವಾಗ ಬೆರಳಿಗೆ ಬೆರಳು ತಾಗಿತೋ, ಆ ದಿನ ಎಂಥ ತುಕ್ಕು ಹಿಡಿದ ನಟ್ಟೂ ಒಂದೇ ತಿರುವಿಗೆ ಬಿಚ್ಚಿಕೊಳ್ಳುತ್ತಿತ್ತು. ಅಂಥ ನಾನು ಅವತ್ತು ಕೀಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು, "ಈ ಕಾರನ್ನ ಗುಜರಿಗೆ ಹಾಕಿ. ಇನ್ಮೇಲೆ ನಾನಿದನ್ನ ಮುಟ್ಟಲ್ಲ" ಅಂದುಬಿಟ್ಟೆ. ಗ್ಯಾರೇಜು ಪೂರ್ತಿ ಕೇಳುವಷ್ಟು ಜೋರಾಗಿ.

ಜೋರು ನನ್ನ ಹುಟ್ಟುಗುಣ. ಮೇಸ್ತ್ರಿ, ಅಂದರೆ ಗ್ಯಾರೇಜಿನ ಯಜಮಾನರು, ನನಗಿಟ್ಟ ಹೆಸರೇ ಕುಕ್ಕರ್. ಅವನು ಕೂಗಿದರೆ ಹೆದರಬೇಡಿ, ಇನ್ನೆರಡು ಸೀಟಿ ಆದರೆ ಇಳಿಸಬಹುದು ಅಂತ ಗಿರಾಕಿಗಳಿಗೆ ಸಮಾಧಾನ ಹೇಳುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ರೇಗಿ ಹೊರಬಿದ್ದವನು ಸೀದಾ ಈ ಶೆಡ್ಡಿಗೆ ಬಂದಿದ್ದೆ. ಹನ್ನೊಂದು ವರ್ಷವಾಯಿತು. ಮೇಷ್ಟ್ರ ಮುಖ ಮರೆತಿದೆ, ಸಿಟ್ಟು ಹಾಗೇ ಇದೆ.

ಅವಳು ಕೂಗುವವಳಲ್ಲ. ಡ್ರೈವಿಂಗ್ ಕಲಿಸುವವಳು. ಎದುರಿಗೆ ಲಾರಿ ಬರುತ್ತಿರುವಾಗ ಕಲಿಯುವವರು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರೆ, "ಪರವಾಗಿಲ್ಲ, ಕಣ್ಣು ಬಿಟ್ಟುಕೊಂಡೇ ಹೆದರೋಣ" ಅನ್ನುವಷ್ಟು ತಾಳ್ಮೆ. ಆ ತಾಳ್ಮೆಯ ಮುಖ ಅವತ್ತು ಕಿವಿಯ ತುದಿಯವರೆಗೂ ಕೆಂಪಾಯಿತು.

"ನಮ್ಮ ಕಾರು ನಿಮಗೆ ಸಾಕಾಗಿದ್ರೆ ಮೊದಲೇ ಹೇಳಬಹುದಿತ್ತು. ಬೇರೆ ಕಡೆ ತೋರಿಸ್ಕೊಳ್ತಿದ್ದೆ."

ಕಾರು ಅಂದಳು. ನನಗೆ ಬೇರೇನೋ ಕೇಳಿಸಿತು. ಬಾಯಿ ಬಿಡುವಷ್ಟರಲ್ಲಿ ಅವಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಬ್ಯಾಗು ಹೆಗಲಿಗೇರಿಸಿ, ಗೇಟು ದಾಟಿದ್ದಳು. ನಾಲ್ಕು ಗಂಟೆಗೆ ಅವಳ ಪಾಠವಿತ್ತು. ಕಾರಿಲ್ಲದ ಡ್ರೈವಿಂಗ್ ಟೀಚರ್ ರಸ್ತೆ ಬದಿಯಲ್ಲಿ ನಡೆದುಹೋಗುವುದನ್ನು ನಾನು ಕಣ್ಣಾರೆ ನೋಡಿದೆ.

ಕಾರಣ ಮಾತ್ರ ನಾನು ಹೇಳಿರಲೇ ಇಲ್ಲ.

ಕಾರಣ ಬೆಳಿಗ್ಗೆ ಸಿಕ್ಕಿತ್ತು. ಕಾರು ಲಿಫ್ಟಿನ ಮೇಲಿತ್ತು, ನಾನು ಅಡಿಯಲ್ಲಿ ನಿಂತಿದ್ದೆ. ಹಳೇ ಗಾಡಿಯ ತಳವನ್ನು ಸ್ಕ್ರೂಡ್ರೈವರಿನ ತುದಿಯಿಂದ ಕುಟ್ಟುತ್ತಾ ಬರುವುದು ನಮ್ಮ ಪದ್ಧತಿ. ತಗಡು ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಆ ಕಾರಿನಲ್ಲಿ ಎರಡು ಜೋಡಿ ಪೆಡಲುಗಳು: ಒಂದು ಜೋಡಿ ಕಲಿಯುವವರಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಟೀಚರಿಗೆ. ಕಲಿಯುವವರು ಮರೆತ ಬ್ರೇಕನ್ನು ಒತ್ತುವುದೇ ಟೀಚರ್ ಕೆಲಸ. ಆ ಎರಡನೇ ಬ್ರೇಕಿನ ಕೆಳಗೆ ಬಂದಾಗ ಠಣ್ ಅನ್ನಲಿಲ್ಲ. ಸ್ಕ್ರೂಡ್ರೈವರ್ ಒದ್ದೆ ರಟ್ಟಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಇಳಿಯಿತು.

ಅದೇ ಜಾಗಕ್ಕೆ ಹಿಂದೆ ಎರಡು ಸಲ ವೆಲ್ಡಿಂಗ್ ಮಾಡಿದ್ದೆ. ಈಗ ತೇಪೆ ಹಾಕೋಣ ಅಂದರೆ ಹೊಲಿಯುವುದಕ್ಕೆ ಬಟ್ಟೆಯೇ ಉಳಿದಿರಲಿಲ್ಲ.

ಮೇಸ್ತ್ರಿ ಬಂದು ನೋಡಿದರು. ಒಂದು ಪ್ಲೇಟು ಕೂರಿಸಿ, ಮೇಲೆ ಕಪ್ಪು ಕೋಟಿಂಗ್ ಬಳಿ, ಒಂದು ವರ್ಷ ಸಾಗುತ್ತದೆ ಅಂದರು. ಆಮೇಲೆ ಮೀಸೆಯೊಳಗೇ ನಕ್ಕು, ಅವರಿಗೂ ಖುಷಿ, ನಿನಗೂ ಗುರುವಾರ ಉಳಿಯುತ್ತದೆ ಅಂದರು. ನಾನು ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದ ವಿಷಯ ಇಡೀ ಗ್ಯಾರೇಜಿಗೆ ಗೊತ್ತಿತ್ತು.

ಪ್ಲೇಟು ಕೈಯಲ್ಲಿ ಹಿಡಿದು ಐದು ನಿಮಿಷ ನಿಂತೆ. ಸುಳ್ಳು ಹೇಳಲ್ಲ. ಇನ್ನೊಂದು ವರ್ಷದ ಗುರುವಾರಗಳು ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಅಷ್ಟರಲ್ಲಿ ಮನಸ್ಸಿಗೆ ಅವಳ ಕಾಲು ಕಂಡಿತು. ನೀಲಿ ಪಟ್ಟಿಯ ಚಪ್ಪಲಿ, ಲಾರಿ, ಕಣ್ಣು ಮುಚ್ಚಿದ ಯಾರೋ ಕಲಿಯುವವರು, ಪಕ್ಕದಲ್ಲಿ ಇವಳು ಬ್ರೇಕು ಒತ್ತುತ್ತಾಳೆ, ಬ್ರೇಕಿನ ಜೊತೆಗೆ ನೆಲವೂ ಕೆಳಗೆ ಹೋಗುತ್ತದೆ. ಪ್ಲೇಟನ್ನು ಮೂಲೆಗೆ ಬಿಸಾಡಿದೆ. ಆ ಸಿಟ್ಟು ತುಕ್ಕಿನ ಮೇಲೆ. ಬಡಿದದ್ದು ಮಾತ್ರ ಅವಳಿಗೆ.

ಮೂರು ವರ್ಷದ ಹಿಂದೆ ಅವಳು ಮೊದಲ ಸಲ ಬಂದಾಗಲೂ ನಾನು ರೇಗುತ್ತಲೇ ಇದ್ದೆ. ಯಾರೋ ಕ್ಲಚ್ ಸುಟ್ಟುಕೊಂಡು ಬಂದಿದ್ದರು, ಅವರಿಗೆ ಪಾಠ ಮಾಡುತ್ತಿದ್ದೆ. ಹಿಂದಿನಿಂದ ಒಂದು ದನಿ, ಈ ಪಾಠಕ್ಕೆ ಫೀಸು ಎಷ್ಟು ಅಂತ ಕೇಳಿತು. ತಿರುಗಿದರೆ ಬಿಸ್ಕತ್ತಿನ ಬಣ್ಣದ ಪುಟ್ಟ ಕಾರು, ಅದಕ್ಕೊರಗಿ ನಿಂತ ಅವಳು. ಕಣ್ಣು ನಗುತ್ತಿತ್ತು, ಬಾಯಿ ತಡೆದುಕೊಂಡಿತ್ತು. ನನ್ನ ಪಾಠ ಅಲ್ಲೇ ಮುಗಿಯಿತು.

ರಿಪೇರಿ ಆದಮೇಲೆ ಗಾಡಿಯನ್ನು ರಸ್ತೆಗೆ ತಂದು ಓಡಿಸಿ ನೋಡುವುದಕ್ಕೆ ನಾವು ಟ್ರಯಲ್ ಅನ್ನುತ್ತೇವೆ. ಎಲ್ಲ ಮೆಕ್ಯಾನಿಕ್‌ಗಳೂ ತಾವೇ ಓಡಿಸುತ್ತಾರೆ. ನಾನು ಮಾತ್ರ, ನೀವೇ ಓಡಿಸಿ ಮೇಡಂ, ನಾನು ಪಕ್ಕ ಕೂತು ಸದ್ದು ಕೇಳುತ್ತೇನೆ ಅಂದೆ. ಅವಳು ಹುಬ್ಬೇರಿಸಿದಳು. ಆಮೇಲೆ ಖುಷಿಯಿಂದ ಸ್ಟೀರಿಂಗ್ ಹಿಡಿದಳು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕು ಒತ್ತುವವಳು ತಾನೇ ಓಡಿಸುವುದು ಇಲ್ಲಿಗೆ ಬಂದಾಗ ಮಾತ್ರವಂತೆ. ಟೀಚರ್ ಜಾಗದಲ್ಲಿ ನಾನು. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುವ ಹಾಗೆ ನಟಿಸಿದೆ. ಕೇಳುತ್ತಿದ್ದದ್ದು ಅವಳ ಬಳೆಯ ಸದ್ದು. ಗೇರು ಬದಲಿಸಿದಾಗಲೆಲ್ಲ ಒಂದು ಸಣ್ಣ ಕಿಣಿ.

ಅಂದಿನಿಂದ ಪ್ರತಿ ಟ್ರಯಲ್ಲೂ ಹಾಗೇ. ಕೆರೆ ಏರಿಯ ಮೇಲೆ ಹೋಗಿ, ನೀರಿನ ಟ್ಯಾಂಕ್ ಸುತ್ತಿ ವಾಪಸ್ಸು. ಹನ್ನೆರಡು ನಿಮಿಷ. ಎದುರಿನ ಗಾಡಿಗೆ ದಾರಿ ಬಿಡುವಾಗ ಅವಳ ನೋಟ ಕನ್ನಡಿಯಿಂದ ಹೊರಟು ನನ್ನ ಮೇಲೆ ಅರೆಕ್ಷಣ ಇಳಿದು ರಸ್ತೆಗೆ ಮರಳುತ್ತಿತ್ತು. ಆ ಅರೆಕ್ಷಣದ ಮೇಲೆ ನಾನು ಇಡೀ ವಾರ ಬದುಕುತ್ತಿದ್ದೆ.

ಕೀ ಜಗಳದ ಮರುದಿನ ಬೆಳಿಗ್ಗೆ ಗ್ಯಾರೇಜಿನ ಮುಂದೆ ಬಸ್ಸಿನಿಂದ ಒಬ್ಬ ಹಿರಿಯರು ಇಳಿದರು. ಒಂದು ಕಾಲು ಎಳೆದು ಹಾಕುವ ನಡಿಗೆ, ಕೈಯಲ್ಲಿ ಕೋಲು. ಅವಳ ಅಪ್ಪ. ಡ್ರೈವಿಂಗ್ ಸ್ಕೂಲು ಶುರುಮಾಡಿದವರು ಅವರೇ. ಎರಡನೇ ಬ್ರೇಕು ಒತ್ತಿ ಒತ್ತಿಯೇ ಮೊಣಕಾಲು ಸವೆದದ್ದು. ಕಾರು ಕೊಂಡ ಮರುವರ್ಷ ಮಗಳು ಹುಟ್ಟಿದ್ದರಿಂದ ಕಾರಿಗೆ ಹಿರೇಮಗಳು ಅಂತಲೇ ಹೆಸರು.

"ಕುಕ್ಕರ್ ಅಂದ್ರೆ ನೀನೇನಾ?" ಅಂದರು.

ನಾನು ತಲೆ ಆಡಿಸಿದೆ.

"ನನ್ನ ಕಿರೇಮಗಳು ನಿನ್ನೆ ರಾತ್ರಿ ಊಟ ಮಾಡಲಿಲ್ಲ. ಹಿರೇಮಗಳನ್ನ ನೀನು ಹಿಡಿದಿಟ್ಕೊಂಡಿದ್ದೀಯ. ಏನು ಕಥೆ?"

ಮಾತು ನನ್ನ ಕೈ ಹಿಡಿಯುವುದಿಲ್ಲ. ಲಿಫ್ಟ್ ಏರಿಸಿ, ಅವರನ್ನು ಕಾರಿನ ಅಡಿಗೆ ಕರೆದುಕೊಂಡು ಹೋಗಿ, ಲೈಟು ಹಿಡಿದೆ. ಅವರು ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಹೋದದ್ದನ್ನು ಅವರು ತಕ್ಷಣ ತೆಗೆಯಲಿಲ್ಲ. ಇಪ್ಪತ್ತನಾಲ್ಕು ವರ್ಷ ತಾವು ಕಾಲಿಟ್ಟ ನೆಲದೊಳಗೆ ಬೆರಳಿಟ್ಟುಕೊಂಡು ನಿಂತೇ ಇದ್ದರು.

"ಇಲ್ಲಿ ಅವಳ ಕಾಲು ಬರುತ್ತೆ" ಅಂದರು ಕೊನೆಗೆ.

"ಹೌದು."

"ಇದನ್ನ ಅವಳಿಗೆ ಹೇಳಲಿಲ್ವಾ?"

"ಕೂಗಿದೆ. ಹೇಳಲಿಲ್ಲ."

ಅವರು ಜೇಬಿನಿಂದ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. ಕಣ್ಣನ್ನೂ ಒರೆಸಿಕೊಂಡರು, ಅದು ತುಕ್ಕಿನ ಪುಡಿ ಬಿದ್ದದ್ದಕ್ಕೆ ಅಂತ ಇಬ್ಬರೂ ಒಪ್ಪಿಕೊಂಡೆವು. ಆಮೇಲೆ, ಮಂಡಿ ನೋಯುತ್ತಿದೆ, ಯಾವುದಾದರೂ ಗಾಡಿಯಲ್ಲಿ ಮನೆಗೆ ಬಿಟ್ಟು ಬಾ ಅಂದರು. ನನ್ನ ಮುಖ ಇಳಿಯಿತು. ಡ್ರೈವಿಂಗ್ ಕಲಿಸಿದವರ ಕಣ್ಣು ತಪ್ಪಿಸುವುದು ಆಗದ ಮಾತು. ಲೈಸೆನ್ಸ್ ಇಲ್ಲ ಅಲ್ವಾ ಅಂತ ಅವರೇ ಕೇಳಿದರು.

ಇರಲಿಲ್ಲ. ನೂರಾರು ಗಾಡಿಗಳನ್ನು ಗ್ಯಾರೇಜಿನ ಅಂಗಳದಲ್ಲಿ ಹಿಂದೆ ಮುಂದೆ ಮಾಡಿದ್ದೇನೆ, ಗೇಟಿನಾಚೆ ಒಂದನ್ನೂ ಓಡಿಸಿಲ್ಲ. ಲೈಸೆನ್ಸ್ ಆಫೀಸಿನ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಇಂಜಿನ್ ಕುದಿಯುತ್ತಿದ್ದರೆ ಮೊದಲು ಏನು ಮಾಡಬೇಕು? ರೇಡಿಯೇಟರ್ ಮುಚ್ಚಳ ತೆಗೆಯಬೇಕು ಅನ್ನುವುದು ಸರಿಯುತ್ತರವಂತೆ. ಹಾಗೆ ತೆಗೆದು ಮುಖ ಸುಟ್ಟುಕೊಂಡವರನ್ನು ನಾನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೇನೆ. ಪ್ರಶ್ನೆ ತಪ್ಪು ಅಂದೆ. ಗುಮಾಸ್ತರು, ಕೂತು ಒತ್ತಪ್ಪ ಸುಮ್ಮನೆ, ಅಂದರು. ನಾನು ಸುಮ್ಮನೆ ಒತ್ತುವವನಲ್ಲ. ಅರ್ಜಿ ಹರಿದು ಅವರ ಮೇಜಿನ ಮೇಲಿಟ್ಟು ಬಂದೆ. ಎರಡನೇ ಸಲ ಹೋದಾಗಲೂ ಅದೇ ಪ್ರಶ್ನೆ ಬಂತು, ಅದೇ ಗುಮಾಸ್ತರೂ ಇದ್ದರು.

ಅಪ್ಪ ಕೋಲಿಗೆ ಗಲ್ಲ ಊರಿಕೊಂಡು ಬಹಳ ಹೊತ್ತು ನಕ್ಕರು. ನಕ್ಕು ಹೊಟ್ಟೆ ಹಿಡಿದುಕೊಂಡೇ ಬಸ್ಸು ಹತ್ತಿದರು.

ಅವರು ಮನೆಯಲ್ಲಿ ಎಲ್ಲವನ್ನೂ ಹೇಳಿರಬೇಕು. ಸಂಜೆ ಐದಕ್ಕೆ ಅವಳು ಬಂದಳು. ಮೊದಲು ಲಿಫ್ಟಿನ ಕೆಳಗೆ ಹೋಗಿ ತೂತನ್ನು ನೋಡಿದಳು. ಆಮೇಲೆ ಬಂದು ನನ್ನ ಎದುರಿಗೆ ನಿಂತಳು. ನಾನು ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಒರೆಸಿ ಇಡುತ್ತಿದ್ದೆ, ಅವು ಆಗಲೇ ಕನ್ನಡಿಯ ಹಾಗಿದ್ದವು.

"ಮೂರು ವರ್ಷ ಕಣ್ಣು ಮುಚ್ಕೊಂಡು ನನ್ನ ಪಕ್ಕ ಕೂತದ್ದು, ಲೈಸೆನ್ಸ್ ಇಲ್ಲ ಅಂತಾನಾ?"

"ಮೊದಲ ಸಲ ಅದಕ್ಕೇ."

"ಆಮೇಲೆ?"

ಹನ್ನೆರಡನೇ ನಂಬರ್ ಪಾನಾವನ್ನು ಮೂರನೇ ಸಲ ಒರೆಸಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಕಾಯದೆ ತುಟಿಯ ಒಂದು ತುದಿಯಲ್ಲಿ ನಕ್ಕಳು. ಆಮೇಲೆ, ನಾಳಿದ್ದು ಹೊಸ ಕಾರು ನೋಡುವುದಕ್ಕೆ ಹೋಗುತ್ತಿದ್ದೇನೆ, ನೀವು ಬರಬೇಕು, ನೀವು ಹೂಂ ಅಂದರೆ ಮಾತ್ರ ತಗೊಳ್ಳುವುದು ಅಂದಳು.

ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದೆ. ಶೋರೂಮಿನ ನೆಲ ಎಷ್ಟು ನುಣುಪಾಗಿತ್ತೆಂದರೆ ನನ್ನ ಚಪ್ಪಲಿಗೇ ಸಂಕೋಚವಾಯಿತು. ಮಾರಾಟದವನು ಬಾಗಿಲು ತೆಗೆದು, ಸೀಟು ತೋರಿಸಿ, ಪರದೆ ತೋರಿಸಿ, ಹಾಡು ಹಾಕಿ ಕುಣಿಯುವುದೊಂದು ಬಾಕಿ. ಟೀಚರ್ ಪೆಡಲುಗಳನ್ನೂ ತಾವೇ ಕೂರಿಸಿ ಕೊಡುತ್ತೇವೆ ಅಂದ. ನಾನು ಅವನ ಮಾತಿನ ನಡುವೆಯೇ ಅಂಗಾತ ಮಲಗಿ ಕಾರಿನ ಅಡಿಗೆ ನುಸುಳಿದೆ. ತಳದ ತಗಡನ್ನು ಬೆರಳ ಗೆಣ್ಣಿನಿಂದ ಕುಟ್ಟಿದೆ. ಠಣ್ ಅಂದಿತು. ಗಟ್ಟಿ. ಹೊಟ್ಟೆಕಿಚ್ಚಾಗುವಷ್ಟು ಗಟ್ಟಿ. ಕಾರಿನ ಬದಿಯಲ್ಲಿ ಅವಳ ನೀಲಿ ಪಟ್ಟಿಯ ಚಪ್ಪಲಿ ಕಾಣುತ್ತಿತ್ತು. ನಾನು ಹೊರಗೆ ಬರಲಿ ಅಂತ ಅದು ನೆಲವನ್ನು ಮೆಲ್ಲಗೆ ತಟ್ಟುತ್ತಿತ್ತು.

ಎದ್ದು ಅಂಗಿ ಕೊಡವಿಕೊಳ್ಳುವಾಗ ಮಾರಾಟದವನು, ನಿಮ್ಮ ಹಳೇ ಡಬ್ಬಾವನ್ನೂ ನಾವೇ ತಗೊಳ್ಳುತ್ತೇವೆ ಮೇಡಂ ಅಂದುಬಿಟ್ಟ. ಡಬ್ಬಾ ಅಂದದ್ದೇ ತಡ ನನ್ನ ಸೀಟಿ ಕೂಗಿತು. ಆ ಡಬ್ಬಾದಲ್ಲಿ ಎಷ್ಟು ಸಾವಿರ ಜನ ಸ್ಟೀರಿಂಗ್ ಹಿಡಿಯುವುದು ಕಲಿತಿದ್ದಾರೆ ಗೊತ್ತಾ ಅಂತ ಶುರುಮಾಡಿದೆ. ಅಷ್ಟರಲ್ಲಿ ಅವಳ ಪಾದ ಬಂದು ನನ್ನ ಪಾದದ ಮೇಲೆ ಕೂತಿತು. ತುಳಿದದ್ದಲ್ಲ, ಒತ್ತಿದ್ದು. ಎಷ್ಟು ಒತ್ತಿದರೆ ಗಾಡಿ ಮುಗ್ಗರಿಸದೆ ನಿಲ್ಲುತ್ತದೆ ಅಂತ ಬಲ್ಲ ಪಾದ. ನಾನು ನಿಂತುಬಿಟ್ಟೆ. ನಾನು ನಿಂತಮೇಲೂ ಆ ಪಾದ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಮಾರಾಟದವನು ತಲೆ ಕೆರೆದುಕೊಂಡು, ನಾನೂ ಅದರಲ್ಲೇ ಕಲಿತದ್ದು ಸಾರ್ ಅಂದ. ನಾನು ಅವನನ್ನು ಮಾಫ್ ಮಾಡಿದೆ.

ಕೊನೆಗೆ ಒಂದು ಮಾತು ಬಂತು. ಐದು ವರ್ಷ ಈ ಕಾರಿನ ಸರ್ವಿಸು ಕಂಪನಿಯ ವರ್ಕ್‌ಶಾಪಿನಲ್ಲೇ ಆಗಬೇಕು, ಹೊರಗಿನವರು ಒಂದು ಸ್ಕ್ರೂ ಮುಟ್ಟಿದರೂ ವಾರಂಟಿ ಹೋಗುತ್ತದೆ. ಅವನು ಅದನ್ನು ಅವಳಿಗೆ ಹೇಳುತ್ತಿದ್ದ. ಅವಳು ಅವನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ರೆಪ್ಪೆ ಬಡಿಯದೆ, ಈಗೇನು ಹೇಳ್ತೀಯೋ ಹೇಳು ಅನ್ನುವ ಹಾಗೆ.

ಐದು ವರ್ಷ. ಒಂದು ಸ್ಕ್ರೂ ಕೂಡ ಇಲ್ಲ. ಹೊರಗಿನವನು ನಾನು.

"ತಗೊಳ್ಳಿ" ಅಂದೆ.

ಅವಳು ರೆಪ್ಪೆ ಇಳಿಸಿದಳು. ಪೆನ್ನು ಕೇಳಿ ಸಹಿ ಹಾಕಿದಳು. ಹಳೇ ಕಾರನ್ನು ಇವರಿಗೆ ಕೊಡುವುದಿಲ್ಲ, ಗುಜರಿಯವರಿಗೆ ನಾನೇ ಒಯ್ದು ಒಪ್ಪಿಸುತ್ತೇನೆ ಅಂದಳು.

ಮುಂದಿನ ಗುರುವಾರ ಅದಕ್ಕೆ ಕೊನೆಯ ಓಡಾಟ. ಹಿಂದಿನ ದಿನವೇ ಕೀ ಕೊಟ್ಟಿದ್ದೆ, ಅವಳು ಕಾರನ್ನು ಅಪ್ಪನಿಗೆ ತೋರಿಸಿ ಗ್ಯಾರೇಜಿಗೆ ತಂದಳು. ಅಪ್ಪ ಬರಲಿಲ್ಲ. ಮನೆ ಬಾಗಿಲಲ್ಲೇ ಬಾನೆಟ್ಟನ್ನು ಎರಡು ಸಲ ತಟ್ಟಿ ಒಳಗೆ ಹೋದರಂತೆ. ಓಡಿಸುವವರ ಕಡೆ ನೆಲ ಗಟ್ಟಿ ಇತ್ತು. ಪಕ್ಕದ ಸೀಟಿನಲ್ಲಿ ನನ್ನನ್ನು ಕೂರಲು ಅವಳು ಬಿಡಲಿಲ್ಲ, ಅಲ್ಲಿ ನೆಲವೇ ಇಲ್ಲ ಅಂತ ಹೇಳಿದವರು ನೀವೇ ಅಲ್ವಾ ಅಂದಳು. ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿಂದ ಅವಳ ಬೆನ್ನು, ಕುತ್ತಿಗೆಯ ಮೇಲೆ ಜಡೆಯಿಂದ ತಪ್ಪಿಸಿಕೊಂಡ ನಾಲ್ಕು ಕೂದಲು, ಮತ್ತೆ ಕನ್ನಡಿಯಲ್ಲಿ ಎರಡು ಕಣ್ಣು. ಅಷ್ಟೇ. ಅಷ್ಟು ಸಾಕಿತ್ತು.

ಕೆರೆ ಏರಿ ಬಂದಾಗ ಕಣ್ಣುಗಳು ನನ್ನ ಮೇಲೆ ನಿಂತವು.

"ಹೋದ ತಿಂಗಳು ಹಿಂದಿನ ಚಕ್ರದಲ್ಲಿ ಸದ್ದು ಅಂತ ತಂದಿದ್ದೆನಲ್ಲ" ಅಂದಳು. "ಸದ್ದು ಇರಲಿಲ್ಲ."

"ಗೊತ್ತು."

"ಗೊತ್ತಿದ್ದೂ ಎರಡು ಗಂಟೆ ಬಿಚ್ಚಿ ಕೂತಿದ್ರಾ?"

"ನೀವು ಸ್ಟೂಲ್ ಮೇಲೆ ಕೂತಿದ್ರಲ್ಲ."

ಕಣ್ಣುಗಳು ರಸ್ತೆಗೆ ಓಡಿದವು. ಕಿವಿಯ ತುದಿ ಮತ್ತೆ ಕೆಂಪಾಯಿತು. ಈ ಸಲದ್ದು ಬೇರೆ ಕೆಂಪು. ನೀರಿನ ಟ್ಯಾಂಕ್ ಬಂತು. ಅವಳು ಅದನ್ನು ಒಂದು ಸಲ ಸುತ್ತಿದಳು. ಇನ್ನೊಂದು ಸಲ ಸುತ್ತಿದಳು. ಮೂರನೇ ಸಲ ಸುತ್ತುವಾಗ ನಾನೇನೂ ಕೇಳಲಿಲ್ಲ.

ಗುಜರಿ ಅಂಗಳದಲ್ಲಿ ಕಾರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವಳು ಇಂಜಿನ್ ನಿಲ್ಲಿಸಿ ಸ್ಟೀರಿಂಗ್ ಮೇಲೆ ಹಣೆ ಇಟ್ಟಳು. ನಾನು ಹಿಂದಿನಿಂದ ಕೈ ಚಾಚಿದೆ, ಹೆಗಲಿನವರೆಗೂ ಹೋಯಿತು, ಮುಟ್ಟುವ ಧೈರ್ಯ ಸಾಲದೆ ಸೀಟಿನ ಅಂಚು ಹಿಡಿದುಕೊಂಡಿತು. ಅವಳು ಹಣೆ ಎತ್ತದೆಯೇ ಕೈ ಹಿಂದಕ್ಕೆ ತಂದು ನನ್ನ ಬೆರಳುಗಳ ಮೇಲಿಟ್ಟಳು.

"ನಿಮ್ಮ ಮೇಲೆ ಸಿಟ್ಟು ಬಂದಿತ್ತು" ಅಂದಳು. "ಪ್ಲೇಟು ಹಾಕಿ ಕೊಟ್ಟಿದ್ರೆ ನನಗೆ ಗೊತ್ತೂ ಆಗ್ತಿರಲಿಲ್ಲ. ಖುಷಿಯಾಗಿರ್ತಿದ್ದೆ."

"ನೀವು ಇರ್ತಿದ್ರೋ ಇಲ್ವೋ ಅನ್ನೋದು ನನ್ನ ಚಿಂತೆ."

ಅವಳು ಬೆರಳು ಗಟ್ಟಿಯಾಗಿ ಹಿಡಿದಳು.

ಅಲ್ಲಿಂದ ಬಸ್ ಸ್ಟಾಪಿಗೆ ಅರ್ಧ ಮೈಲಿ. ಕಾರಿಲ್ಲದೆ ಅವಳ ಜೊತೆ ನಡೆಯುವುದು ನನಗೆ ಅದೇ ಮೊದಲು. ಎಷ್ಟು ಹತ್ತಿರ ನಡೆಯಬೇಕು, ಗೊತ್ತಾಗಲಿಲ್ಲ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಒಂದು ಗೇರು ಇರುತ್ತಿತ್ತು. ಈಗ ಗಾಳಿ ಮಾತ್ರ. ಎರಡು ಸಲ ಕೈಗೆ ಕೈ ತಾಗಿತು, ಎರಡು ಸಲವೂ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಸ್ಟಾಪಿನಲ್ಲಿ ಐದಾರು ಜನ ನಿಂತಿದ್ದರು. ಅವಳು ದೂರದ ತಿರುವಿನ ಕಡೆ ನೋಡುತ್ತಾ, ತನ್ನಷ್ಟಕ್ಕೆ ಎಂಬಂತೆ, "ಇನ್ನು ಯಾವ ನೆಪ ಹೇಳಿ ಗ್ಯಾರೇಜಿಗೆ ಬರೋದು?" ಅಂದಳು.

ನನಗೆ ಸಿಟ್ಟು ಬಂತು. ನನ್ನ ಮೇಲೇ ಬಂತು. ಹನ್ನೊಂದು ವರ್ಷ ಬೇರೆಯವರ ಇಂಜಿನ್ನುಗಳ ಬಾಯಿ ಬಿಡಿಸಿದವನಿಗೆ ಮೂರು ವರ್ಷದಿಂದ ತನ್ನ ಬಾಯಿ ಬಿಡುವುದಕ್ಕೆ ಆಗಿರಲಿಲ್ಲ.

"ನೆಪ ಬೇಡ" ಅಂದೆ. "ನನಗೆ ನೀವು ಬೇಕು. ಕಾರು ಇದ್ರೂ ಬೇಕು, ಇಲ್ದಿದ್ರೂ ಬೇಕು."

ನನ್ನ ದನಿ ನನಗೆ ಗೊತ್ತು. ಸ್ಟಾಪಿನಲ್ಲಿದ್ದ ಐದಾರು ಜನವೂ ತಿರುಗಿ ನೋಡಿದರು. ತರಕಾರಿ ಚೀಲ ಹಿಡಿದಿದ್ದ ಒಬ್ಬ ಅಜ್ಜಿ ಚೀಲವನ್ನು ಕೆಳಗಿಟ್ಟು, ಸರಿಯಾಗಿ ನಿಂತುಕೊಂಡರು.

"ಇಷ್ಟು ಜೋರಾಗಿ ಹೇಳ್ಬೇಕಿತ್ತಾ?" ಅವಳ ಮುಖವೆಲ್ಲ ನಗು.

"ಮೂರು ವರ್ಷದ್ದು ಒಟ್ಟಿಗೆ ಬಂತು."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನನಗೂ ಬೇಕು" ಅಂದಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನೀವು."

ಬಸ್ಸು ಬಂತು. ಎಲ್ಲರೂ ಹತ್ತಿದರು, ಅಜ್ಜಿ ಮನಸ್ಸಿಲ್ಲದ ಮನಸ್ಸಿನಿಂದ ಹತ್ತಿದರು. ಅವಳು ಕದಲಲಿಲ್ಲ. ನಾನೂ ಕದಲಲಿಲ್ಲ. ಡ್ರೈವರ್ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಬಾಗಿಲು ಮುಚ್ಚಿಕೊಂಡು ಹೊರಟ.

"ಇಂಡಿಕೇಟರ್ ಹಾಕಲೇ ಇಲ್ಲ ನೋಡಿ ಅವನು" ಅಂದಳು, ಹೋಗುತ್ತಿರುವ ಬಸ್ಸಿನ ಬೆನ್ನು ನೋಡುತ್ತಾ.

ಮುಂದಿನ ಬಸ್ಸಿಗೆ ಹೋಗೋಣವಾ ಅಂತ ಕೇಳಿದೆ.

ಅದಕ್ಕೂ ಬೇಡ ಅಂದಳು.